ಷರಾ

ರೇ ರೋಡ್, ಲಕಡಿ ಬಂದರ್. ಏಳು ಗಂಟೆಗೇ
ಬಿಸಿಲು ದಿಮ್ಮಿಗಳಿಗೆ ಬೆನ್ನು ಕೊಟ್ಟು ಕೂತಿದೆ.
ಸುತ್ತಳತೆ, ಉದ್ದ, ಸೀಮೆಸುಣ್ಣದಲ್ಲೊಂದು ನಂಬರು,
ಕೊನೆಗೆ ನನ್ನ ಸಹಿ.
ಮೂವತ್ತೊಂದು ವರ್ಷದಿಂದ
ಸತ್ತ ಮರಗಳ ಜಾತಕ ಬರೆಯುತ್ತಿದ್ದೇನೆ.

ನಾನೂರ ಹದಿನೇಳರ ತೊಗಟೆ ಎಬ್ಬಿದರೆ
ಒಳಗೆ ಕುಟ್ಟೆ ಹುಳು ಕೊರೆದ ಗಲ್ಲಿಗಳು,
ಸಣ್ಣ ರವೆಯಂಥ ಹುಡಿ.
ಆ ಹುಡಿಯಲ್ಲಿ ಗಡಿಬಿಡಿಯಿಂದ ಓಡುತ್ತಿತ್ತು ಇದು:
ಅಕ್ಕಿಕಾಳಿಗಿಂತ ಚೂರು ಉದ್ದ,
ಕೆಂಪು ಗೋಣು, ಮೈಯೆಲ್ಲ ನವಿರು ರೋಮ,
ಬೆನ್ನಿಗೆ ಕಪ್ಪು, ಕೆನೆಬಣ್ಣದ ಚೌಕಳಿ,
ಹಮಾಲ ರಾಮ್‌ಸೂರತನ ಲುಂಗಿ ನೋಡಿ ನೇಯ್ದಂತೆ.
ಗಲ್ಲಿಗೆ ನುಗ್ಗಿತು. ಕುಟ್ಟೆಯೊಂದರ ಕತ್ತು ಕಚ್ಚಿ
ಹಿಮ್ಮುಖ ಎಳೆದು ತಂದಿತು.
ಇನ್ನೊಂದು ಗಲ್ಲಿ.

ಹಿಂದೊಮ್ಮೆ ಮ್ಯೂಸಿಯಮ್ಮಿನಿಂದ ಪಾಠಾರೆ ಎಂಬ ಹುಡುಗಿ
ಚಿಮಟ ಹಿಡಿದು ಬಂದಿದ್ದಳು. ಹೇಳಿದ್ದಳು:
ಈ ಜಾತಿಯದು ನಮ್ಮಲ್ಲಿರುವುದು ಒಂದೇ ಒಂದು,
ಡ್ರಾಯರಿನಲ್ಲಿ, ಸೂಜಿಗೆ ಸಿಕ್ಕಿದ್ದು, ತಲೆ ಉದುರಿಹೋಗಿದೆ.
ನಿಮ್ಮ ಕನ್ನಡದಲ್ಲಿ ಏನನ್ನುತ್ತೀರಿ?
ಅಂಕೋಲೆಯ ನನ್ನ ಅವ್ವಿಗೆ
ಹುಳಕ್ಕೆಲ್ಲ ಒಂದೇ ಹೆಸರು: ಹುಳ.
ಅವಳು ಹೇಳಿದ ಲ್ಯಾಟಿನ್ ಹೆಸರು ಚೀಟಿಯಲ್ಲಿ ಬರಕೊಂಡೆ;
ಚೀಟಿ ಅಂಗಿಯ ಕಿಸೆಯಲ್ಲೇ ನೆನೆದು, ಒಗೆಸಿಕೊಂಡು, ಒಣಗಿತು.

ಹತ್ತಕ್ಕೆ ಧುರಿ ಸಾಹೇಬರು ಬಂದರು, ಗ್ಯಾಸಿನ ಸಿಲಿಂಡರ್ ಸಮೇತ.
ಮರಾಠಿಯಲ್ಲಿ ಧುರಿ ಎಂದರೂ ಹೊಗೆಯೇ,
ಅಡ್ಡಹೆಸರೇ ಅನ್ನ ಕೊಟ್ಟಿದೆ.
ಫಾರ್ಮು ಕೇಳುವುದು ಇಷ್ಟೇ: ಕೀಟ ಇದೆ, ಕೀಟ ಇಲ್ಲ.
ಸಾಹೇಬರೇ, ಇದು ಮರ ತಿನ್ನೋದಲ್ಲ,
ಮರ ತಿನ್ನೋರನ್ನ ತಿನ್ನೋದು, ಎಂದೆ.
ಅವರು ಬಗ್ಗಿ ತುಸು ಹೊತ್ತು ನೋಡಿದರು.
ಚೆಂದ ಇದೆ, ಎಂದರು. ಆಮೇಲೆ:
'ಇದೆ' ಅನ್ನೋದಕ್ಕೇ ಟಿಕ್ ಹಾಕಿ.

ತಾಡಪತ್ರಿ ಹೊದಿಸಿದರು, ಅಂಚಿಗೆ ಮರಳಿನ ಚೀಲ.
ಒಂದು ಹಗಲು, ಒಂದು ರಾತ್ರಿ.
ನಾನು ಮನೆಗೆ ಹೋಗಿ ಬಂಗಡೆ ಸಾರು ಉಂಡೆ, ಮಲಗಿದೆ.

ಮರುದಿನ ರಾಮ್‌ಸೂರತ ಗುಡಿಸಿದ.
ಕದ್ದವರು, ಕಾವಲಿನವನು
ಒಂದೇ ಮೊರದ ಹುಡಿಯಲ್ಲಿ.
ಅವನ ಲುಂಗಿಯ ಅಂಚಿಗೂ ಒಂದಿಷ್ಟು ಅಂಟಿತ್ತು;
ಕೊಡವಿಕೊಂಡ.

ಫಾರ್ಮಿನ ತಳದಲ್ಲಿ ಷರಾ ಎಂದೊಂದು ಖಾನೆ ಇದೆ.
ಇಷ್ಟು ವರ್ಷ ಅಲ್ಲಿ ಬರೀ ಗೆರೆ ಎಳೆದವನು
ಈ ಸಲ ಬರೆದೆ:
ಚೌಕಳಿ, ಒಂದು. ಕೆಲಸದ ಮೇಲಿತ್ತು.
ಸುತ್ತಳತೆ ತೆಗೆಯಲಾಗಲಿಲ್ಲ.