ಸೊನ್ನೆಯವನ ಚಿಪ್ಪು

ಕೆಮ್ಚಿಯ ದಕ್ಕೆಯಲ್ಲಿ ಪಚ್ಚಿಲೆ ತೂಗುವ ಶೆಡ್ಡು.
ಹಿಂದಿನ ಕೋಣೆಯಲ್ಲಿ, ಐಸು ಪುಡಿಮಾಡುವ ಯಂತ್ರದ ಪಕ್ಕ,
ಹದಿನಾಲ್ಕು ವರ್ಷದಿಂದ ಎಚ್ಚರವಿರುವ ಒಂದು ಯುನಿಕ್ಸ್ ಪೆಟ್ಟಿಗೆ.
ಯಾರ ದೋಣಿ, ಎಷ್ಟು ಬುಟ್ಟಿ, ಉಬ್ಬರ ಎಷ್ಟು ಹೊತ್ತಿಗೆ
ಎಲ್ಲ ಅದಕ್ಕೇ ಗೊತ್ತು.

ನಿಬಾಲ್ದೊ ಕಾರ್ಕಮೊ ನಿವೃತ್ತನಾದ ದಿನ
ಪಾಸ್‌ವರ್ಡಿನ ಚೀಟಿಯನ್ನು ಎದುವೀನಾಳ ಕೈಗಿಟ್ಟ.
ಇಟ್ಟು, ಹೋಗದೆ ನಿಂತೇ ಇದ್ದ.
"ರೂಟ್‌ನ ಶೆಲ್ ಮಾತ್ರ ಮುಟ್ಟಬೇಡ, ಮಗಳೇ."

ಮುಟ್ಟಿದಳು. ಮೂರನೇ ವಾರಕ್ಕೇ.
ಹಳೆಯದು, ಮೇಲ್ಬಾಣ ಒತ್ತಿದರೆ ನೆನೆಸಿಕೊಳ್ಳದು,
ಅರ್ಧ ಹೆಸರು ಹೇಳಿದರೆ ಪೂರ್ತಿ ಮಾಡದು,
ಕರೆದರೆ ಓಗೊಡುವುದೂ ಒಂದೇ ಗುರುತಿನಲ್ಲಿ: #

ಹೆಸರು, ಸೊನ್ನೆ, ಮತ್ತೊಂದು ಸೊನ್ನೆ, ಮನೆ,
ಸಾಲಿನ ಕೊನೆಗೆ ಶೆಲ್ಲಿನ ವಿಳಾಸ.
ಅದನ್ನು ಅಳಿಸಿ ಹೊಸದು ಬರೆದು ಉಳಿಸಿ ಹೊರಬಂದಳು.
ನಿಮಿಷವೂ ಹಿಡಿಯಲಿಲ್ಲ.
ಬೇರಿಗೆ ಬೇರೆ ಚಿಪ್ಪು ಹಾಕಿದೆ ಅಂದರೆ
ಆಲೂಗಡ್ಡೆ ಅಗೆಯುತ್ತಿದ್ದ ಅಜ್ಜಿ ತಲೆಯೆತ್ತಿ,
"ಬೇರಿಗೆಲ್ಲಿಯ ಚಿಪ್ಪೇ?"

ನಿಬಾಲ್ದೊ ಬೈಯಲಿಲ್ಲ. ಮಾಟೆ ಕಷಾಯ ಹೀರುತ್ತ ಅಂದ:
"ಹೊಸದು ಇರುವುದು ಎರಡನೇ ಡಿಸ್ಕಿನಲ್ಲಿ.
ಅದು ಏಳದ ದಿನ ನೀನು ಹೆಸರು ಹೇಳುತ್ತೀ, ಗುಟ್ಟೂ ಹೇಳುತ್ತೀ.
ಹೌದು ನೀನೇ, ಅನ್ನುತ್ತದೆ ಯಂತ್ರ. ಬಾಗಿಲೂ ತೆರೆಯುತ್ತದೆ.
ಒಳಗೆ ಮನೆಯೇ ಇರುವುದಿಲ್ಲ."

ಆಗಸ್ಟಿನ ಬಡಗಣ ಗಾಳಿ.
ಕರೆಂಟು ಮೂರು ಸಲ ಹೋಯಿತು, ಎರಡು ಸಲ ಬಂತು.
ಬೆಳಗಿನ ಜಾವ ನಾಲ್ಕಕ್ಕೆ ಜನರೇಟರ್ ಎಳೆದು ಕೂತರೆ
ಎರಡನೇ ಡಿಸ್ಕು ಮಲಗಿಯೇ ಇದೆ.
ಹೊರಗೆ ಒಂಬತ್ತು ದೋಣಿ, ಯಾರದೋ ಕೆಮ್ಮು,
ಅವಳ ಹೊಟ್ಟೆಯಲ್ಲಿ ಲಂಗರಿನ ಕಲ್ಲು.

ಆಗ ಕಪ್ಪು ಪರದೆಯ ಮೇಲೊಂದು ಬಿಳಿ ಸಾಲು:
ಯಾವ ಶೆಲ್ ಬೇಕು, ಪೂರ್ತಿ ದಾರಿ ಹೇಳು.
ಇಲ್ಲವೇ ಸುಮ್ಮನೆ ಎಂಟರ್ ಒತ್ತು, ಹಳೆಯದನ್ನೇ ಕೊಡುತ್ತೇನೆ.

ಒತ್ತಿದಳು.
#
ಅಂದೆನಲ್ಲ ಎಂದು ಅದು ಅನ್ನಲಿಲ್ಲ.
ಮರಗಟ್ಟಿದ ಬೆರಳಿಂದ ಅಕ್ಷರ ಅಕ್ಷರವಾಗಿ,
ತಪ್ಪಿ, ಅಳಿಸಿ, ಮತ್ತೆ ಅಕ್ಷರವಾಗಿ
ಡಿಸ್ಕಿನ ಮುರಿದ ಕಡೆಗಳನ್ನೆಲ್ಲ ಹೊಲಿದಳು.

ಏಳೂವರೆಗೆ ತಕ್ಕಡಿ ಮಾತಾಡಿತು.
ರೂಟ್‌ಗೆ ಹಳೆಯದನ್ನೇ ಮರಳಿಸಿ, ಹೊಸದನ್ನು
ಟೂರ್‌ಗೆ ಕೊಟ್ಟಳು. ಅದೇ ಹೆಸರು, ಬಾಲದಿಂದ ಓದಿದ್ದು;
ಅದೂ ಸೊನ್ನೆಯೇ.

ಮಧ್ಯಾಹ್ನ ದಕ್ಕೆಯ ಮೇಲೆ ಎಲ್ಲ ಕೇಳಿಸಿಕೊಂಡ ಮುದುಕ
ಪಚ್ಚಿಲೆಯೊಂದನ್ನು ಉಗುರಿನಿಂದ ಬಿಡಿಸುತ್ತ ಬಹಳ ಹೊತ್ತು ಸುಮ್ಮನಿದ್ದ.
"ಕೇಳುತ್ತದೆಯೇ ಅದು? ಯಾವುದು ಬೇಕು ಅಂತ?
ನನಗೆ ಗೊತ್ತೇ ಇರಲಿಲ್ಲ.
ಹದಿನಾಲ್ಕು ವರ್ಷ ನಾನು ಮುಟ್ಟಿಯೇ ಇರಲಿಲ್ಲವಲ್ಲ."