ಕೊರಳ ಗೆರೆ

ಮೂವತ್ತೆಂಟು ವರ್ಷ ಭುಜ ಅಳೆದವನು ನಾನು,
ಬುರ್ಸಾ ಊರಿನ ಹಳೆ ಬಜಾರಿನ ಬೆನ್ನಿಗೆ
ಕತ್ತರಿ, ಟೇಪು, ಒಂದು ಕಿಟಕಿ.
ಕಿಟಕಿಯಲ್ಲಿ ಉಲುದಾಗ್ ಬೆಟ್ಟ, ಹಿಮದ ಟೋಪಿ ಓರೆ ಮಾಡಿಕೊಂಡು,
ಎಂದೂ ಅಂಗಿ ಹೊಲಿಸಲು ಇಳಿದು ಬಾರದ ಗಿರಾಕಿ.

ಹೀಗಿರುವಾಗ ಓರ್ಹುನ್, ಗುಂಡಿ ಕಟ್ಟುವ ಹುಡುಗ,
ಟ್ಯಾಬ್ಲೆಟ್ ಮುಂದಿಟ್ಟು "ಉಸ್ತಾದ್, ಇದು ತಲೆ,
ಇವೆರಡು ಭುಜ, ಕೆಳಗಿನದು ಕೊರಳ ಗೆರೆ" ಅಂದಾಗ
ನಕ್ಕುಬಿಟ್ಟೆ. ಇಷ್ಟೇನಾ?
ಷೇರುಪೇಟೆ ಅಂದರೆ ತೋಳಿಲ್ಲದ ಕೋಟು, ಹಾಗಾದರೆ!

ಲಿರಾ ಎಂಬುದು ಒಗೆದಷ್ಟೂ ಕುಗ್ಗುವ ಉಣ್ಣೆ.
ಹೋದ ವರ್ಷದ ಸಾವಿರ ಈ ವರ್ಷದ ಮೈಗೆ ಸಾಲದು.
ಮೀನಿನವನೂ ಷೇರು ಕೊಂಡ, ಶಾಲೆಯ ಜವಾನನೂ ಕೊಂಡ,
ಚಹಾ ತರುವ ಪೋರ ತಟ್ಟೆ ತೂಗಾಡಿಸುತ್ತ
"ಸಿಮೆಂಟು ಏರ್ತದೆ ಚಿಕ್ಕಪ್ಪ" ಅಂತ ಕಣ್ಣು ಹೊಡೆದು ಹೋದ.
ನೆಬಾಹತ್ ನಾಲ್ಕರಲ್ಲೊಂದು ಬಳೆ ಮೇಜಿನ ಮೇಲಿಟ್ಟಳು.
ಏನೂ ಹೇಳಲಿಲ್ಲ.
ಸೋಪು ಹಚ್ಚಿ ಕಳಚಿದ್ದಳು, ನನ್ನ ಕೈಯಲ್ಲೂ ಜಾರುತ್ತಿತ್ತು.

ರಾತ್ರಿ ಕೂತು ಕಲಿತೆ.
ಮೇಣದಬತ್ತಿಗಳ ಸಾಲು: ಏರಿದ ದಿನ ಹಸಿರು, ಇಳಿದ ದಿನ ಕೆಂಪು,
ಮೇಲಿನ ಸಪೂರ ಎಳೆ, ಆಸೆ ಹೋಗಿ ಮುಟ್ಟಿ ಮರಳಿದ ಜಾಗ.
ಐವತ್ತು ದಿನದ ಸರಾಸರಿ ದಪ್ಪ ಅಸ್ತರಿನಂತೆ,
ಮೈ ತಿರುಗಿ ಎಷ್ಟೋ ಹೊತ್ತಿನ ಮೇಲೆ ತಿರುಗುತ್ತದೆ.
ಬುಡದಲ್ಲಿ ವಹಿವಾಟಿನ ಕಂಬಗಳು.
ಅದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ:
ಕೆಲಸ ಹೆಚ್ಚು ನಡೆದ ಕಡೆ ಚಿಂದಿ ಗುಪ್ಪೆ ಎತ್ತರ.

ಮೂರನೆಯ ವಾರ ಸಿಮೆಂಟಿಗೆ ಭುಜ ಮೂಡಿತು.
ಎಡ ಭುಜ, ತಲೆ, ಬಲ ಭುಜ, ಥೇಟು ಪುಸ್ತಕದ ಹಾಗೆ.
ಪರದೆಯ ಮೇಲೆ ಗೆರೆ ಎಳೆಯಲು ನನ್ನ ಬೆರಳಿಗೆ ಬಾರದು;
ಬಟ್ಟೆಗೆ ಗುರುತು ಹಾಕುವ ಸವೆದ ಸೋಪಿನ ಚೂರು ತೆಗೆದು
ಗಾಜಿನ ಮೇಲೇ ಎಳೆದೆ, ಒಂದೇ ಉಸಿರಿಗೆ, ಬೆಳ್ಳಗೆ.
ಬುಧವಾರ ಹನ್ನೊಂದಕ್ಕೆ ದರ ಗೆರೆ ದಾಟಿ ಕೆಳಗಿಳಿಯಿತು.
ಮಾರಿದೆ. ಪೂರ್ತಿ.
ಬಳೆಯ ಮೂರರಲ್ಲೊಂದು ಪಾಲು ಹೋಯಿತು.
ಗುರುವಾರ ಅದೇ ಗೆರೆಗೆ ಕೈಯೂರಿ
ಸಿಮೆಂಟು ಎದ್ದಿತು, ಗೋಡೆ ಹತ್ತುವ ಬೆಕ್ಕಿನಂತೆ,
ಹಿಂದಿರುಗಿ ಕೂಡ ನೋಡಲಿಲ್ಲ.
ಓರ್ಹುನ್ ತಲೆ ಕೆರೆದುಕೊಂಡ:
"ಸುಳ್ಳು ಮುರಿತ, ಉಸ್ತಾದ್. ಅದೂ ಪುಸ್ತಕದಲ್ಲಿದೆ."

ಗೊತ್ತಿರಬೇಕಿತ್ತು ನನಗೆ.
ಟೇಪು ಸೊಂಟಕ್ಕೆ ತಾಗಿದ್ದೇ ತಡ
ಹೊಟ್ಟೆ ಒಳಗೆಳೆದುಕೊಳ್ಳದ ಗಂಡಸನ್ನು ಕಂಡಿಲ್ಲ ನಾನು.
ಕಾಯುತ್ತೇನೆ. ಚಳಿ ಹೇಗಿದೆ ಅನ್ನುತ್ತೇನೆ, ಮಗಳ ಮದುವೆ ಏನಾಯಿತು ಅನ್ನುತ್ತೇನೆ,
ಮಾತಿನ ನಡುವೆ ಅವನು ಉಸಿರು ಬಿಡುತ್ತಾನೆ.
ಆಗ ಅಳೆಯುತ್ತೇನೆ. ಅಷ್ಟಾದರೂ ಒಳಹೊಲಿಗೆಯಲ್ಲಿ
ಎರಡು ಬೆರಳು ಬಟ್ಟೆ ಬಿಟ್ಟಿರುತ್ತೇನೆ.
ಊರಿಗೆ ಊರೇ ಒಂದೇ ಟೇಪು ಹಿಡಿದು ಸುತ್ತುವರಿದರೆ
ಪೇಟೆಯಾದರೂ ಇನ್ನೇನು ಮಾಡೀತು?

ಇವತ್ತು ರಿಫಾತ್ ಎಫೆಂದಿ ಬಂದಿದ್ದರು, ಅಂಚೆಯಿಂದ ನಿವೃತ್ತರಾದವರು,
ಕೋಟು ಸಡಿಲಿಸಲು. ಎಡ ಭುಜ ಒಂದೂವರೆ ಬೆರಳು ತಗ್ಗು,
ಚೀಲದ ಕೆಲಸ ಅದು.
ಮೀನಿನವನಿಗೆ ಬಲ ತಗ್ಗು. ನನಗೂ ಬಲವೇ, ಕತ್ತರಿ ಹಿಡಿದು.
ಸಮ ಭುಜದ ಒಬ್ಬನೂ ಈ ಹೊಸ್ತಿಲು ದಾಟಿದ್ದಿಲ್ಲ.
ಆ ಪುಸ್ತಕದ ಚಿತ್ರ ಬರೆದವನು
ಯಾರ ಮೈ ನೋಡಿ ಬರೆದನೋ.

ಆರಕ್ಕೆ ಪೇಟೆ ಮುಚ್ಚಿತು.
ಹೆಗಲ ಹಿಂದೆ ಮೂರು ಬಳೆಯ ಸದ್ದು.
"ಬಲಗಡೆ ಯಾಕೆ ಖಾಲಿ?" ಅಂದಳು ನೆಬಾಹತ್.
"ಅದು ಇನ್ನೂ ಮಗ್ಗದ ಮೇಲಿದೆ."
ಹೂಂ ಅಂದಳು. ತಲೆವಸ್ತ್ರದ ತುದಿ ತೇವ ಮಾಡಿ
ಗಾಜಿನ ಮೇಲಿನ ನನ್ನ ಗೆರೆ ಒರೆಸಿದಳು.
ಸೋಪಿನ ದಪ್ಪದಡಿ ಮುಚ್ಚಿಹೋಗಿತ್ತು
ಒಂದು ಪುಟ್ಟ ಹಸಿರು ಬತ್ತಿ,
ಯಾವ ದಿನದ್ದೋ.