ಎರಡು ಇಪ್ಪತ್ತರ ತಗ್ಗು

ಪೀಣ್ಯ ಎರಡನೇ ಹಂತ, ಅಡ್ಡರಸ್ತೆಯ ಕೊನೆಯ ಶೆಡ್ಡು.
ಗೋಡೆಗೆ ಬಿಗಿದ ಪೆಟ್ಟಿಗೆಯೊಳಗೆ
ದಿನಕ್ಕೊಂದು ಸುತ್ತು ಹಾಕುವ ದುಂಡು ಕಾಗದ,
ಅದರ ಮೇಲೆ ಕೆಂಪು ಶಾಯಿಯ ಪೆನ್ನು,
ಹೊಸಿಲು ಕಾಯುವ ನಾಯಿಯ ಹಾಗೆ
ಕುಲುಮೆಯ ಶಾಖವನ್ನೇ ನೋಡುತ್ತಿತ್ತು.
ಒಂದು ದಿನ ಪೆನ್ನಿನ ಕತ್ತು ಮುರಿಯಿತು.
ಅದರ ಬಿಡಿಭಾಗ ಮಾಡುತ್ತಿದ್ದವರು
ಅಷ್ಟು ಹೊತ್ತಿಗೆ ಅಂಗಡಿಯನ್ನೇ ಮುಚ್ಚಿದ್ದರು.

ತಂತಿ ಎಳೆದೆವು. ನಿಮಿಷಕ್ಕೊಂದು ಅಂಕಿ.
"ನೋಡೋಕೆ ಏನಾದ್ರೂ ಮಾಡಮ್ಮ" ಅಂದರು ನಾಯ್ಡು,
"ದೊಡ್ಡದೇನೂ ಬೇಡ. ನನ್ನ ಬೆರಳು ದಪ್ಪ."

ಮಾಡಿದ್ದು ಇಷ್ಟೇ:
ಒಂದು ಗೆರೆ.
ಗೆರೆಯ ಕೆಳಗೆ, ತಾರೀಕಿಗೆ, ಎಳೆದಾಡುವ ಗುಂಡಿ.
ಹಿಂದೆ, ಮುಂದೆ ಅಂತ ಎರಡು ಬಟನ್ನು.
ಇನ್ನೊಂದು ಗುಂಡಿ ಸರಾಸರಿಗೆ:
ಎಡಕ್ಕೆಳೆದರೆ ನಿಮಿಷ ನಿಮಿಷದ ನಡುಕವೂ ಕಾಣುತ್ತದೆ,
ಬಲಕ್ಕೆಳೆದರೆ ಅರ್ಧ ಗಂಟೆಯನ್ನು ಒಟ್ಟಿಗೆ ಕಲೆಸಿ
ಇಸ್ತ್ರಿ ಹಾಕಿದ ಪಂಚೆಯಂಚು.
ಪೈಥಾನಿನ ನೂರಾ ಹನ್ನೆರಡು ಸಾಲು,
ಅದರಲ್ಲಿ ನಲವತ್ತು ಬರೀ ಬಣ್ಣದ ಜಗಳ.

ಪರೀಕ್ಷೆಗೆಂದು ರಾತ್ರಿ ಪಾಳಿಯಲ್ಲಿ ಕೂತೆ.
ಎಂಟುನೂರ ಐವತ್ತು ಡಿಗ್ರಿ, ನೇರ, ನೇರ,
ಎರಡು ಇಪ್ಪತ್ತಕ್ಕೆ ಒಂದು ತಗ್ಗು.
ಹನ್ನೊಂದು ಡಿಗ್ರಿ. ನಾಲ್ಕು ನಿಮಿಷ. ಮತ್ತೆ ನೇರ.
ಹಿಂದೆ ಒತ್ತಿದೆ: ನಿನ್ನೆಯೂ.
ಹಿಂದೆ: ಮೊನ್ನೆಯೂ.
ಭಾನುವಾರ ಇಲ್ಲ. ಶನಿವಾರ ಇದೆ.
ನನ್ನ ಕೋಡಿನದೇ ತಪ್ಪೆಂದು ಒಂದು ಗಂಟೆ ತಡಕಾಡಿದೆ.

ಕೊನೆಗೆ ಹೊನ್ನಗಂಗಯ್ಯನವರನ್ನು ಕರೆದು ತೋರಿಸಿದೆ.
ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗಿಸಿ,
ತಗ್ಗಿನ ಮೇಲೆ ಎಣ್ಣೆಬೆರಳಿಟ್ಟು ನಕ್ಕರು:
"ಇದಾ? ಇದು ಊಟ ಕಣವ್ವ.
ಬಾಗಿಲು ಒಂದು ಗೇಣು ಎತ್ತಿ
ಡಬ್ಬಿ ಬಾಯಲ್ಲಿ ಇಡ್ತೀವಿ, ನಂದು, ಮುನೀರಂದು.
ತಣ್ಣಗಿರೋ ಸಾರು ಆ ಹೊತ್ತಲ್ಲಿ ಇಳಿಯಲ್ಲ."
ಗೇರಿಗೆ ತೊಂದರೆ ಆಗದಾ ಅಂದೆ.
"ಅಷ್ಟಕ್ಕೆಲ್ಲ ಅದಕ್ಕೆ ಗೊತ್ತೇ ಆಗಲ್ಲ. ನಿಂಗೆ ಗೊತ್ತಾಯ್ತು ನೋಡು."

ಆಮೇಲೆ ಅವರೇ ಹಿಂದೆ ಒತ್ತುತ್ತ ಹೋದರು,
ಮದುವೆಯ ಆಲ್ಬಂ ತಿರುವುವವರ ಹಾಗೆ,
ಪ್ರತಿ ತಗ್ಗಿಗೂ ಒಂದು ಪಲ್ಯದ ಹೆಸರು ಹೇಳುತ್ತ.
ಹದಿನಾಲ್ಕನೇ ತಾರೀಕಿಗೆ ಬೆರಳು ನಿಂತಿತು.
ಕೆಲಸದ ದಿನವೇ. ಗೆರೆ ಬೆಳತನಕ ನೇರ.
ನನ್ನ ಕಣ್ಣಿಗೆ ತಿಂಗಳಲ್ಲೇ ಚೆಂದದ ರಾತ್ರಿ.
"ಅವತ್ತು ಚೀಲ ಬಸ್ಸಲ್ಲೇ ಬಿಟ್ಟು
ಜಾಲಹಳ್ಳಿ ಕ್ರಾಸಲ್ಲಿ ಇಳಿದುಬಿಟ್ಟಿದ್ದೆ.
ಮುನೀರ ರಜ.
ನೀರು ಕುಡ್ಕೊಂಡು ಕುಲುಮೆ ಕಾದೆ."

ಬೆಳಗಿನ ಜಾವ ಐದಕ್ಕೆ ಒಂದೇ ಒಂದು ಸಾಲು ತಿದ್ದಿದೆ:
ತೆರೆದಾಗ ಸರಾಸರಿಯ ಗುಂಡಿ
ಬಲತುದಿಯಲ್ಲಿ ನಿಂತಿರಲಿ.
ಎಡಕ್ಕೆ ದಾರಿ ಮುಚ್ಚಲಿಲ್ಲ.
ಎಳೆದು ನೋಡುವವರಿಗೆ ಎಲ್ಲವೂ ಇದೆ, ಅಲ್ಲೇ ಇದೆ,
ಅಂತ ನನಗೆ ನಾನೇ ಎರಡು ಸಲ ಹೇಳಿಕೊಂಡೆ.

ಒಂಬತ್ತಕ್ಕೆ ನಾಯ್ಡು ಬಂದರು.
ದಪ್ಪ ಬೆರಳಲ್ಲಿ ತಾರೀಕುಗಳನ್ನು ಉರುಳಿಸಿದರು.
ಹದಿನಾಲ್ಕರ ಮೇಲೆ ನಿಂತರು.
"ನೋಡು, ಹಗ್ಗ ಬಿಗಿದ ಹಾಗಿದೆ! ಹೀಗಿರಬೇಕು ರಾತ್ರಿ ಅಂದ್ರೆ.
ಇದರ ಪ್ರಿಂಟ್ ತೆಗಿ, ಗೋಡೆಗೆ ಹಾಕೋಣ."

ತೆಗೆದೆ.
ಹಳೆಯ ಪೆಟ್ಟಿಗೆಯ ಮೊಳೆಗೇ ತೂಗುಹಾಕಿದೆವು.
ಆಚೆ ನಲ್ಲಿಯ ಹತ್ತಿರ ಹೊನ್ನಗಂಗಯ್ಯ
ಡಬ್ಬಿ ತೊಳೆಯುತ್ತಿದ್ದರು,
ತಳದ ಕರಿ ಹೋಗಲೆಂದು
ಬೂದಿ ಹಾಕಿ, ತುಂಬ ಹೊತ್ತು.